ಮೋನಾಕ ಕೇಳಿದ ಸೀಟಿ

ಹೆರೆಮಣೆಯಲ್ಲಿ ಕೂತು ಕಾಯಿ ತುರಿಯುವಾಗ ಸೀಟಿ ಹೊಡೆಯುವುದು ನನ್ನ ಹಳೇ ಚಾಳಿ. ನಾನಾಗಿ ಹೊಡೆಯುವುದಲ್ಲ, ಅದು ತಾನಾಗಿ ಬರುವುದು. ಅರ್ಧ ಕಾಯಿ ಮುಗಿಯುವಷ್ಟರಲ್ಲಿ ತುಟಿ ಮುಂದೆ ಬಂದಿರುತ್ತದೆ. ಉದ್ದಕ್ಕೆ ಒಂದು ಸೀಟಿ, ಕೊನೆಗೆ ಸ್ವಲ್ಪ ಮೇಲಕ್ಕೆ ಎಳೆದು ಬಿಡುವುದು. ಅರುವತ್ತಮೂರು ವರ್ಷದ ಹೆಂಗಸಿಗೆ ಇದು ಶೋಭೆಯಾ ಅಂತ ನೀವು ಕೇಳಬಹುದು. ನನ್ನ ಅಮ್ಮ ನಾನು ಹನ್ನೆರಡು ವರ್ಷದವಳಿರುವಾಗಲೇ ಕೇಳಿ ಆಗಿದೆ. "ಹೆಣ್ಣುಮಕ್ಕಳು ಸೀಟಿ ಹೊಡೆದ್ರೆ ಮನೆಗೆ ಹಾವು ಬರ್ತದೆ" ಅಂತ ಅವರ ಎಚ್ಚರಿಕೆ. ದೇರೆಬೈಲಿನ ನಮ್ಮ ಮನೆಯ ಹಿಂದೆ ಆಗ ಗೇರುಗುಡ್ಡ. ಸೀಟಿ ಹೊಡೆದರೂ ಹೊಡೆಯದಿದ್ದರೂ ಹಾವು ಬರುತ್ತಿತ್ತು. ನನಗೆ ಸೀಟಿ ಕಲಿಸಿದ್ದು ಅಣ್ಣ, ಅದೇ ಗುಡ್ಡದಲ್ಲಿ. ಆರು ತಿಂಗಳಲ್ಲಿ ನಾನು ಅವನಿಗಿಂತ ಚೆಂದ ಹೊಡೆಯತೊಡಗಿದೆ. ಅವನು ಬೇಜಾರಿನಲ್ಲಿ ಸೀಟಿ ಬಿಟ್ಟು ಕ್ರಿಕೆಟ್ ಹಿಡಿದ.

ಇದೇ ನಾನು ಮುಂದೆ ಹೈಸ್ಕೂಲಿನಲ್ಲಿ ಗಣಿತದ ಟೀಚರಾದೆ. ಹಿಂದಿನ ಬೆಂಚಿನಿಂದ ಸೀಟಿ ಕೇಳಿದರೆ ಸಾಲಿಗೆ ಸಾಲನ್ನೇ ಎದ್ದು ನಿಲ್ಲಿಸುತ್ತಿದ್ದೆ. "ಯಾರು ಹೊಡೆದದ್ದು? ಹೇಳುವಷ್ಟು ಧೈರ್ಯ ಇಲ್ಲವಾದ್ರೆ ಹೊಡೆದದ್ದು ಯಾಕೆ?" ಅಂತ ಭಾಷಣ ಬೇರೆ. ಭಾಷಣ ಮುಗಿಸಿ ಬೋರ್ಡಿನ ಕಡೆ ತಿರುಗಿದಾಗ ನನ್ನ ಕಿವಿ ಬಿಸಿಯಾಗಿರುತ್ತಿತ್ತು. ಹುಡುಗರಿಗೆ ಅದು ಕೋಪ ಅಂತ ಕಾಣುತ್ತಿತ್ತೋ ಏನೋ. ಅದು ನಾಚಿಕೆ.

ಯಾಕೆ ನಾಚಿಕೆ ಅಂದರೆ, ನನ್ನ ಸೀಟಿಯಿಂದ ಹಾವು ಬರಲಿಲ್ಲ, ಬೇರೆ ಒಂದು ಬಂತು. ಅದನ್ನು ನಲವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಹೇಳಿಸಿದ್ದು ಒಂದು ನಾಟಕ ಮಂದಿರ, ಅದೂ ನಮ್ಮ ಊರಿನದ್ದಲ್ಲ.

ಹೋದ ವರ್ಷ ನಾವು ಹನ್ನೆರಡು ಮಂದಿ ನಿವೃತ್ತ ಟೀಚರುಗಳು ಯುರೋಪು ನೋಡಲು ಹೊರಟೆವು. ನನ್ನ ಜೊತೆಗೆ ಗ್ರೆಟ್ಟಾ. ಇಪ್ಪತ್ತು ವರ್ಷ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯವಳು, ಇಂಗ್ಲಿಷ್ ಟೀಚರ್. ಇಗರ್ಜಿ, ಕೋಟೆ, ಸೇತುವೆ, ಪುನಃ ಇಗರ್ಜಿ ಅಂತ ನಾಲ್ಕು ದಿನ ನಡೆದು ನಡೆದು ಕಾಲು ಬಾತಿತ್ತು. ಐದನೇ ದಿನ ಒಂದು ಪುಟ್ಟ ದೇಶದ ರಾಷ್ಟ್ರೀಯ ರಂಗಮಂದಿರ. ಆ ದೇಶದ ಹೆಸರು ಬೇಡ ಬಿಡಿ, ಅವರ ಊರಿನ ಹೆಸರುಗಳನ್ನು ನಾನು ಹೇಳಿದರೆ ಅವರೇ ಬೇಜಾರು ಮಾಡಿಕೊಂಡಾರು. "ನಾಟಕ ಇಲ್ಲದ ಹೊತ್ತಿನಲ್ಲಿ ನಾಟಕದ ಹಾಲ್ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಖಾಲಿ ಕುರ್ಚಿ ನಮ್ಮ ಪುರಭವನದಲ್ಲೂ ಉಂಟು" ಅಂತ ಗ್ರೆಟ್ಟಾ ಬಸ್ಸಿನಲ್ಲೇ ಕೂರುವ ಅಂದಾಜಿನಲ್ಲಿದ್ದಳು. ನಾನೇ ಎಳಕೊಂಡು ಹೋದೆ.

ನದಿಯ ದಂಡೆಯ ಮೇಲೆ ಕಲ್ಲಿನ ಕಟ್ಟಡ, ಮಾಡಿನ ತುದಿಯಲ್ಲಿ ಕಂಚಿನ ಕುದುರೆಗಳು. ಒಳಗೆ ಕಾಲಿಟ್ಟದ್ದೇ ಗ್ರೆಟ್ಟಾ ಇಗರ್ಜಿಗೆ ಹೋದ ಹಾಗೆ ತಲೆಗೆ ಶಾಲು ಎಳಕೊಂಡಳು. ಅವಳನ್ನು ಬಲ್ಲವರಿಗೆ ಇದು ಎಂಥಾ ಸಂಗತಿ ಅಂತ ಗೊತ್ತು. ಲಾಳದ ಆಕಾರದಲ್ಲಿ ಒಂದರ ಮೇಲೊಂದು ಮಹಡಿ, ಎಲ್ಲ ಮಹಡಿಗಳ ಅಂಚಿಗೂ ಚಿನ್ನದ ಬಣ್ಣ, ಕೆಂಪು ಮಖಮಲ್ಲಿನ ಕುರ್ಚಿಗಳು, ಮೇಲೆ ಛಾವಣಿಯಲ್ಲಿ ಮೋಡದ ನಡುವೆ ಕೂತ ಹೆಣ್ಣುಗಳ ಚಿತ್ರ, ನಡುವಿನಿಂದ ಇಳಿದ ದೀಪದ ಗೊಂಚಲು. ಕತ್ತು ಎತ್ತಿ ನೋಡಿ ನೋಡಿ ನನ್ನ ಕನ್ನಡಕ ಹಣೆಗೆ ಹತ್ತಿತು.

ಆದರೆ ನನಗೆ ಮೈ ಜುಮ್ ಅಂದದ್ದು ಆ ಚಿನ್ನಕ್ಕಲ್ಲ, ನೆಲಮಾಳಿಗೆಯಲ್ಲಿ. ಅಲ್ಲಿ ಅಡಿಪಾಯದ ಕಲ್ಲುಗಳು ಹಾಗೆಯೇ ಕಾಣುವಂತೆ ಬಿಟ್ಟಿದ್ದಾರೆ. ಒಂದೊಂದರ ಮೇಲೂ ಒಂದೊಂದು ಊರಿನ ಹೆಸರು. ಹಿಂದೆ ಅವರ ದೇಶವನ್ನು ಬೇರೆಯವರು ಆಳುತ್ತಿದ್ದರಂತೆ. ಕಚೇರಿಗೂ ದೊಡ್ಡವರ ಮಾತಿಗೂ ಆಳುವವರ ಭಾಷೆ, ಇವರದ್ದು ಅಡುಗೆಮನೆಗೂ ದನದ ಹಟ್ಟಿಗೂ ಮಾತ್ರ. ಹಾಗಾದರೆ ನಮ್ಮ ಭಾಷೆಗೆ ನಾವೇ ಒಂದು ಮನೆ ಕಟ್ಟುವ ಅಂತ ಜನ ಹೊರಟರು. ಬೇರೆ ಬೇರೆ ಗುಡ್ಡಗಳಿಂದ ಕಲ್ಲು ಕಡಿದು, ಗಾಡಿಯಲ್ಲಿ ಹೇರಿ, ದಾರಿಯುದ್ದ ಹಾಡಿಕೊಂಡು ತಂದರು. ಕಟ್ಟಿ ಮುಗಿಸಿ ದೀಪ ಹಚ್ಚಿದ ಸ್ವಲ್ಪ ಸಮಯದಲ್ಲೇ ಮಾಡಿಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಊರಿಗೆ ಊರೇ ಅತ್ತಿತಂತೆ. ಅತ್ತು ಮುಗಿಸಿ ಪುನಃ ಕಟ್ಟಿದರು. ಗೈಡ್ ಹುಡುಗಿ ಇದನ್ನು ಹೇಳುತ್ತಾ ತನ್ನ ಊರಿನ ಕಲ್ಲನ್ನು ಸವರಿದಳು. ದಿನಕ್ಕೆ ನಾಲ್ಕು ಸಲ ಹೇಳುವವಳು ಅವಳು! ಅಡುಗೆಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬ್ಯಾಂಕಿನಲ್ಲಿ ಇಂಗ್ಲಿಷ್ ಮಾತಾಡಿ ಬೆಳೆದ ನನಗೆ ಅವಳ ಆ ಕೈ ಅರ್ಥವಾಯಿತು. ನಾನು ಒಂದು ಕಲ್ಲನ್ನು ಮೆಲ್ಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಗ್ರೆಟ್ಟಾ ಶಿಲುಬೆ ಗುರುತು ಹಾಕಿಕೊಂಡಳು.

ಆಮೇಲೆ ನಮ್ಮನ್ನು ರಂಗದ ಮೇಲಕ್ಕೇ ಕರಕೊಂಡು ಹೋದಳು. "ಈಗ ತಲೆ ಎತ್ತಿ ನೋಡಿ" ಅಂದಳು. ನೋಡಿದೆ. ದೇವರೇ! ಜನ ಕೂತು ನೋಡುವುದು ಕಟ್ಟಡದ ಅರ್ಧ ಮಾತ್ರ. ಇನ್ನರ್ಧ ಪರದೆಯ ಹಿಂದೆ, ನಟರ ತಲೆಯ ಮೇಲೆ, ಯಾರಿಗೂ ಕಾಣದ ಹಾಗೆ ಮಹಡಿ ಮಹಡಿಯಾಗಿ ಎದ್ದು ನಿಂತಿದೆ. ಒಂದು ಅರಮನೆಯ ಪರದೆಯನ್ನು ಮಡಚದೆ, ಸುತ್ತದೆ, ಇದ್ದ ಹಾಗೆಯೇ ಮೇಲಕ್ಕೆ ಎಳೆದು ಅಡಗಿಸುವಷ್ಟು ಎತ್ತರ. ಆ ಕತ್ತಲಿನಲ್ಲಿ ಸಾಲು ಸಾಲು ಹಗ್ಗ. ಪಕ್ಕದ ಗೋಡೆಗೆ ಮರದ ಗೂಟಗಳು, ಗೂಟಗಳಿಗೆ ಎಂಟರ ಆಕಾರದಲ್ಲಿ ಸುತ್ತಿದ ಹಗ್ಗ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ ನಡೆಯುತ್ತದಂತೆ. ಇದೊಂದು ಸಾಲನ್ನು ನೆನಪಿಗೆ ಇಟ್ಟಿದ್ದಾರೆ.

"ದಯವಿಟ್ಟು ರಂಗದ ಮೇಲೆ ಯಾರೂ ಸೀಟಿ ಹೊಡೆಯಬೇಡಿ" ಅಂದಳು ಗೈಡ್, ನಗುತ್ತಾ. "ಹಿಂದಿನ ಕಾಲದಲ್ಲಿ ನಾಟಕದ ಹಗ್ಗ ಎಳೆಯಲು ಹಡಗಿನವರನ್ನು ಕರೆಸುತ್ತಿದ್ದರು ಅಂತ ಹೇಳುತ್ತಾರೆ. ಹಗ್ಗದ ಕೆಲಸ ಅವರಷ್ಟು ಬಲ್ಲವರು ಇನ್ನಾರು? ಹಡಗಿನ ಹಾಗೆ ಇಲ್ಲಿಯೂ ಅವರಿಗೆ ಸೀಟಿಯೇ ಆಜ್ಞೆ. ಯಾರೋ ಸುಮ್ಮನೆ ಸೀಟಿ ಹೊಡೆದರೆ ಪರದೆ ತಲೆಯ ಮೇಲೆ ಬಿದ್ದೀತು."

ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ನನ್ನ ಕೈ ನನ್ನ ಬಾಯಿಗೆ ಹೋಯಿತು. "ಎಂತ ಆಯ್ತು? ತಲೆ ತಿರುಗ್ತದಾ?" ಅಂತ ಗ್ರೆಟ್ಟಾ ಕೇಳಿದಳು. ತಿರುಗುತ್ತಿತ್ತು. ನಲವತ್ತು ವರ್ಷ ಹಿಂದಕ್ಕೆ.

ಆಗ ನಾನು ಬಲ್ಮಠದ ಕಡೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಊರಿನಲ್ಲಿ ಆಗ ಒಂದು ಹಳೇ ನಾಟಕದ ಹಾಲ್ ಇತ್ತು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಹಲಗೆಯ ರಂಗ. ಈಗ ಅಲ್ಲಿ ನಾಲ್ಕು ಮಾಳಿಗೆಯ ಕಾಂಪ್ಲೆಕ್ಸ್ ಬಂದಿದೆ, ರಂಗ ಇದ್ದ ಜಾಗದಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ಆ ಹಾಲಿಗೆ ಚಿನ್ನ ಇರಲಿಲ್ಲ, ಆದರೆ ಇದೇ ಎತ್ತರ ಇತ್ತು. ರಂಗದ ಮೇಲೆ ಮಾತ್ರ ಮಾಡನ್ನು ಬೇರೆಯಾಗಿ ಎತ್ತರಿಸಿ, ಹಳೇ ಮಂಜಿಯ ಮರಗಳನ್ನು ಅಡ್ಡಕ್ಕೆ ಹಾಕಿದ್ದರು. ಮಂಜಿ ಅಂದರೆ ಹಾಯಿ ಕಟ್ಟಿ ದ್ವೀಪಗಳಿಗೆ ಸರಕು ಒಯ್ಯುತ್ತಿದ್ದ ನಮ್ಮ ಕಡೆಯ ದೊಡ್ಡ ಮರದ ಹಡಗು. ಆ ಮರಗಳಿಂದ ಅರಮನೆ, ಕಾಡು, ಬೀದಿ ಅಂತ ಮೂರು ಪರದೆಗಳು ತೂಗುತ್ತಿದ್ದವು. ಪ್ರತಿಯೊಂದರ ಅಡಿಯಲ್ಲೂ ತೊಡೆ ಗಾತ್ರದ ಬಿದಿರು.

ಅವುಗಳ ಒಡೆಯ ಮೋನಾಕ. ಹೊಳೆಯಾಚೆಯ ಬೆಂಗ್ರೆಯ ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸ್ಲಿಮರು, ಹದಿನೈದು ವರ್ಷ ಮಂಜಿಯಲ್ಲಿ ದುಡಿದವರು. ಮಂಜಿಗಳು ಕಮ್ಮಿಯಾದ ಮೇಲೆ ಹಾಲಿನಲ್ಲಿ ಹಗ್ಗದ ಕೆಲಸ ಹಿಡಿದಿದ್ದರು. ರಂಗದ ಪಕ್ಕದ ಅಟ್ಟದಲ್ಲಿ ಅವರೂ ಇಬ್ಬರು ಜೊತೆಗಾರರೂ ನಿಲ್ಲುವುದು. ಅವರೊಳಗೆ ಮಾತಿಲ್ಲ, ಗಿಡ್ಡ ಸೀಟಿಗೆ ಎಳೆಯುವುದು, ಉದ್ದ ಸೀಟಿಗೆ ಬಿಡುವುದು. ಮಂಜಿಯಲ್ಲಿ ಟಂಡೇಲ, ಅಂದರೆ ಹಡಗಿನ ಯಜಮಾನ, ಗಾಳಿಯಲ್ಲಿ ಕೂಗಿದರೆ ಕೇಳದು ಅಂತ ಹಾಗೆ ಸೀಟಿ ಹೊಡೆಯುತ್ತಿದ್ದನಂತೆ. ಪರದೆ ಇಳಿಯುವಾಗ ಒಂದು ಸುಕ್ಕು ಇಲ್ಲ, ಬಿದಿರು ಹಲಗೆಗೆ ತಾಗಿದ ಸದ್ದಿಲ್ಲ. ಸ್ಪರ್ಧೆಗೆ ಅಂತ ನಮ್ಮ ಕಾಲೇಜಿನವರು ಆ ಹಾಲಿನಲ್ಲಿ ಒಂದು ನಾಟಕ ಮಾಡಿದೆವು. ಪ್ರಾಕ್ಟೀಸಿನ ಮೊದಲ ದಿನವೇ ಮೋನಾಕ ನಮ್ಮೆಲ್ಲರನ್ನೂ ನಿಲ್ಲಿಸಿ ಹೇಳಿದ್ದರು: "ಸ್ಟೇಜಲ್ಲಿ ಯಾರೂ ಸೀಟಿ ಹೊಡೀಬಾರ್ದು ಮಕ್ಕಳೇ. ಸೀಟಿ ಕೇಳಿದ್ರೆ ನನ್ನ ಕೈ ನನ್ನ ಮಾತು ಕೇಳುದಿಲ್ಲ."

ನಾಟಕದಲ್ಲಿ ನನ್ನ ಪಾತ್ರ ಯಾರಿಗೂ ಕಾಣದ್ದು. ಪುಸ್ತಕ ಹಿಡಿದು ರಂಗದ ಪಕ್ಕದಲ್ಲಿ, ಮೋನಾಕ ನಿಲ್ಲುವ ಅಟ್ಟದ ಕೆಳಗೆ ನಿಂತು, ಮರೆತವರಿಗೆ ಮಾತು ಎತ್ತಿಕೊಡುವುದು. ಕೊನೆಯ ಅಂಕದಲ್ಲಿ ನಮ್ಮ ರಾಜ ಸಿಂಹಾಸನ ಬಿಟ್ಟು ಕಾಡಿಗೆ ಹೊರಡುವ ಮೊದಲು ಉದ್ದದ ಮಾತು. ಪ್ರಾಕ್ಟೀಸಿನಲ್ಲಿ ಒಂದು ದಿನವೂ ಅದನ್ನು ಪೂರ್ತಿ ಹೇಳಿದವನಲ್ಲ. ಸ್ಪರ್ಧೆಯ ದಿನ ಹಾಲ್ ತುಂಬಿದೆ, ತೀರ್ಪುಗಾರರು ಮುಂದಿನ ಸಾಲಿನಲ್ಲಿದ್ದಾರೆ, ನನ್ನ ಬೆರಳು ಪುಸ್ತಕದ ಸಾಲಿನ ಮೇಲೆ ಓಡುತ್ತಿದೆ. ಪುಣ್ಯಾತ್ಮ ಒಂದಕ್ಷರ ತಪ್ಪದೆ ಹೇಳಿಬಿಟ್ಟ! ಹೇಳಿ ಕಿರೀಟಕ್ಕೆ ಕೈ ಹಾಕಿದ. ಹಾಲಿನಲ್ಲಿ ಉಸಿರಿನ ಸದ್ದು ಕೂಡ ಇಲ್ಲ. ನನಗೆ ಎಂಥಾ ಖುಷಿ ಅಂದರೆ ತುಟಿ ತಾನಾಗಿ ಮುಂದೆ ಬಂತು.

ಮೆಲ್ಲಗೇ ಹೊಡೆದದ್ದು. ಉದ್ದ ಸೀಟಿ, ಕೊನೆಗೆ ಸ್ವಲ್ಪ ಮೇಲಕ್ಕೆ. ರಾಜನಿಗೂ ಕೇಳಿರಲಿಕ್ಕಿಲ್ಲ.

ಕಾಡು ಬಂತು. ಅರಮನೆಯ ಮಧ್ಯಕ್ಕೆ, ಧಡಾರ್ ಅಂತ, ಬಿದಿರಿನ ಸಮೇತ. ರಾಜನ ತಲೆಯಿಂದ ಒಂದು ಗೇಣು ಆಚೆ ಬಿತ್ತು. ಒಂದು ಗೇಣು ಈಚೆ ಬಿದ್ದಿದ್ದರೆ ನಾನು ಇವತ್ತು ಇದನ್ನು ನಗುತ್ತಾ ಬರೆಯುತ್ತಿರಲಿಲ್ಲ. ರಾಜ ಬಟ್ಟೆಯಲ್ಲಿ ಸಿಕ್ಕಿ "ಅಯ್ಯಯ್ಯೋ" ಅಂತ ಒದ್ದಾಡಿದ, ಕಿರೀಟ ಉರುಳಿ ತೀರ್ಪುಗಾರರ ಕಾಲ ಬುಡಕ್ಕೆ ಹೋಯಿತು. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು.

ಹಾಲಿನ ಮ್ಯಾನೇಜರು ಹಾರಿ ಬಂದರು. "ಕುಡಿದು ಬಂದಿದ್ದೀಯಾ?" ಅಂತ ಎಲ್ಲರ ಮುಂದೆ ಕಿರುಚಿದರು. ಜನ್ಮದಲ್ಲಿ ಕಳ್ಳಿನ ವಾಸನೆ ನೋಡದ ಮನುಷ್ಯ ಮೋನಾಕ. ಅಟ್ಟದಿಂದ ಇಳಿದು ಬಂದು ನಿಂತರು.

"ಸೀಟಿ ಬಂತು" ಅಂದರು.

"ಯಾರು ಹೊಡೆದದ್ದು?" ಮ್ಯಾನೇಜರು ನಮ್ಮ ಹುಡುಗರನ್ನು ಒಬ್ಬೊಬ್ಬರಾಗಿ ಕೇಳಿದರು. ಎಲ್ಲರೂ ತಾಯಾಣೆ ಹಾಕಿದರು. ಜೊತೆಗಾರರಿಬ್ಬರೂ ಅಟ್ಟದ ಆಚೆ ತುದಿಯಲ್ಲಿದ್ದವರು, ತಮಗೆ ಕೇಳಲಿಲ್ಲ ಅಂದರು. ನಾನು ಅಲ್ಲೇ, ಐದು ಅಡಿ ದೂರದಲ್ಲಿ, ಪುಸ್ತಕ ಎದೆಗೆ ಒತ್ತಿಕೊಂಡು ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಹೆಣ್ಣುಮಗಳು ಸೀಟಿ ಹೊಡೆದಾಳು ಅಂತ ಅಲ್ಲಿ ಯಾರ ತಲೆಗೂ ಹೋಗಲಿಲ್ಲ. ಕೇಳಿದರೆ ಹೇಳುವ ಅಂತ ಕಾದೆ. ಕೇಳಲಿಲ್ಲ, ಹೇಳಲಿಲ್ಲ. ಮೋನಾಕ ಹೆಗಲಿನ ತುಂಡು ಬಟ್ಟೆಯಿಂದ ಮುಖ ಒರೆಸಿ ಹಿಂಬಾಗಿಲಿನಿಂದ ಹೋದರು. ಮತ್ತೆ ಆ ಹಾಲಿಗೆ ಕಾಲಿಡಲಿಲ್ಲ.

ಬೆಂಗ್ರೆ ಎಂಥಾ ದೂರ ಹೇಳಿ? ಬಂದರಿನಲ್ಲಿ ನಿಂತರೆ ಹೊಳೆಯ ಆಚೆ ಕಾಣುತ್ತದೆ, ಫೆರಿಯಲ್ಲಿ ಒಂದು ಚಾ ಕುಡಿಯುವಷ್ಟು ಹೊತ್ತು. ಆ ಹೊತ್ತನ್ನು ದಾಟಲು ನನಗೆ ನಲವತ್ತು ವರ್ಷ ಬೇಕಾಯಿತು. ಯುರೋಪಿನಿಂದ ಬಂದ ಮರುವಾರ ಫೆರಿ ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎಂಬತ್ತರ ಹತ್ತಿರದ ಮೋನಾಕ ಜಗಲಿಯಲ್ಲಿ ಕೂತು ಬಲೆ ಕಟ್ಟುತ್ತಿದ್ದರು. ನಾನು ಯಾರು ಅಂತ ಹೇಳಿದೆ. ಆ ನಾಟಕ ಅಂದಾಗ ಸೂಜಿ ಒಂದು ಕ್ಷಣ ನಿಂತು ಪುನಃ ಓಡಿತು. ಅವರ ಹೆಂಡತಿ ಬೀಪಾತುಮ್ಮ ಸುಲೈಮಾನಿ ಚಾ ತಂದಿಟ್ಟರು. ನನಗೆ ಸೀದಾ ವಿಷಯಕ್ಕೆ ಬರಲು ಧೈರ್ಯ ಸಾಲದೆ ಆ ದೂರದ ರಂಗಮಂದಿರದ ಕತೆ ಸುರು ಮಾಡಿದೆ. ಕಲ್ಲು, ಬೆಂಕಿ, ಕುದುರೆ ಎಲ್ಲ ಆಯಿತು. ಅವರಿಗೆ ಬೇಕಾದದ್ದು ಒಂದೇ.

"ಹಗ್ಗ ಎಷ್ಟುಂಟು?"

"ಎಣಿಸ್ಲಿಲ್ಲ ಮೋನಾಕ."

"ಗಣಿತದ ಟೀಚರಲ್ವಾ ನೀವು? ಅಷ್ಟು ದೂರ ಹೋಗಿ ಎಣಿಸದೆ ಬರುದಾ?"

ಮೊಬೈಲಿನ ಫೋಟೋ ತೋರಿಸಿದೆ. ಬೆರಳಿನಿಂದ ದೊಡ್ಡ ಮಾಡಿ, ಕಣ್ಣಿನ ಹತ್ತಿರ ತಂದು, ಗೂಟಕ್ಕೆ ಸುತ್ತಿದ ಹಗ್ಗವನ್ನು ತುಂಬಾ ಹೊತ್ತು ನೋಡಿದರು. "ಇದು ನಾವು ಕಟ್ಟುದೇ. ಅದೇ ಸುತ್ತು. ಅಲ್ಲಿಯವರಿಗೂ ಗೊತ್ತುಂಟಲ್ಲ!" ಅಂತ ಹೆಂಡತಿಗೂ ತೋರಿಸಿದರು. ಅಲ್ಲಿ ಇವತ್ತಿಗೂ ರಂಗದ ಮೇಲೆ ಸೀಟಿ ಹೊಡೆಯುವ ಹಾಗಿಲ್ಲ ಅಂತ ಹೇಳಿದೆ. ಅವರು ಬಲೆ ಕೆಳಗಿಟ್ಟರು.

"ಮ್ಯಾನೇಜರು ಕುಡುಕ ಅಂದದ್ದಕ್ಕೆ ನಾನು ಕೆಲಸ ಬಿಟ್ಟದ್ದು ಅಂತ ಜನ ಹೇಳ್ತಾರೆ" ಅಂದರು. "ಅದಕ್ಕಲ್ಲ. ಕುಡೀಲಿಲ್ಲ ಅಂತ ನನಗೆ ಗೊತ್ತುಂಟು, ಮೇಲೆ ಇರುವ ಪಡೆದವನಿಗೂ ಗೊತ್ತುಂಟು. ಆದ್ರೆ ಇಲ್ಲದ ಸೀಟಿ ನನ್ನ ಕಿವಿಗೆ ಕೇಳಿತಲ್ಲ? ಅಂಥಾ ಕಿವಿ ನಂಬಿ ಹಗ್ಗ ಹಿಡಿಯುದು ಹೇಗೆ ಟೀಚರೇ? ಕೆಳಗೆ ಮಕ್ಕಳು ನಿಂತಿರ್ತಾರೆ. ದೋಣಿಗೂ ಹೋಗ್ಲಿಲ್ಲ ಮತ್ತೆ. ಬಲೆ ಆದ್ರೆ ಯಾರ ತಲೆಗೂ ಬೀಳುದಿಲ್ಲ."

ನನಗೆ ಭೂಮಿ ಬಾಯಿ ಬಿಡಬಾರದಾ ಅನಿಸಿತು. ಅವರ ಮರ್ಯಾದೆ ಹೋಯಿತು ಅಂತ ಮಾತ್ರ ನಾನು ಇಷ್ಟು ವರ್ಷ ಸಂಕಟಪಟ್ಟದ್ದು. ಅವರು ತಮ್ಮ ಕಿವಿಯನ್ನೇ ನಂಬದೆ ಬದುಕಿದ್ದು ನನಗೆ ಗೊತ್ತೇ ಇರಲಿಲ್ಲ.

"ಇಲ್ಲದ ಸೀಟಿ ಅಲ್ಲ ಮೋನಾಕ. ನಾನು ಹೊಡೆದದ್ದು" ಅಂದೆ. ಅಳು ಬಂತು, ಅತ್ತೆ.

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಅಂತ ಕಾದೆ. ಮೆಲ್ಲ ತಲೆ ಅಲ್ಲಾಡಿಸಿದರು. "ನೀವು ಒಳ್ಳೆ ಜನ. ಸಾಯುವ ಮೊದಲು ಮುದುಕನಿಗೆ ಸಮಾಧಾನ ಆಗ್ಲಿ ಅಂತ ಹೇಳ್ತೀರಿ."

"ಇಲ್ಲ, ಸತ್ಯ!"

"ಅದು ಹೆಣ್ಣುಮಕ್ಕಳ ಸೀಟಿ ಅಲ್ಲ ಟೀಚರೇ. ಟಂಡೇಲನ ಸೀಟಿ. ಕೊನೆಗೆ ಮೇಲೆ ಎಳೆದದ್ದು ಈಗಲೂ ಕಿವಿಯಲ್ಲುಂಟು."

"ಹೊಡೆದು ತೋರಿಸ್ತೇನೆ" ಅಂತ ತುಟಿ ಮುಂದೆ ಮಾಡಿದೆ. ಗಾಳಿ ಬಂತು. ಇನ್ನೊಮ್ಮೆ. ಫುಸ್. ಬಾಯಿ ಒಣಗಿ ಮರಳಾಗಿತ್ತು. ದಿನಾ ಕಾಯಿ ತುರಿಯುವಾಗ ಬೇಡ ಅಂದರೂ ಬರುವ ಸೀಟಿ, ಬೇಕಾದಾಗ ಬರಲಿಲ್ಲ. ಬೀಪಾತುಮ್ಮ ಸೆರಗು ಬಾಯಿಗೆ ಹಿಡಿದು ನಗು ತಡೆದರು. ಮೋನಾಕ ಮಾತ್ರ ನಗಲಿಲ್ಲ. "ಇರ್ಲಿ ಬಿಡಿ. ಚಾ ತಣಿಯುತ್ತದೆ" ಅಂದರು. ಆ ದಯೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಬೇಡ ಅಂದರೂ ಕೇಳದೆ ಜೆಟ್ಟಿಯವರೆಗೆ ಬಿಡಲು ಬಂದರು. ಫೆರಿ ಹೊರಡಲು ನಿಂತಿತ್ತು. ನಾನು ಹತ್ತಿ ಕೂತೆ. ಫೆರಿಯವನು ಯಾರದೋ ಸ್ಕೂಟರನ್ನು ಒಳಗೆ ಎತ್ತುತ್ತಿದ್ದ. "ಕಾಕ, ಆ ಹಗ್ಗ ಒಂಚೂರು ಹಿಡ್ಕೊಳ್ಳಿ" ಅಂದ. ಮೋನಾಕ ಅನುಮಾನಿಸಿದರು. ಆಮೇಲೆ ಬಗ್ಗಿ ಗೂಟದಿಂದ ಹಗ್ಗ ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ನಿಂತರು. ಬೆನ್ನು ನೆಟ್ಟಗಾಯಿತು, ಕಾಲು ಅಗಲವಾಯಿತು. ಆ ಅಟ್ಟದಲ್ಲಿ ನಿಲ್ಲುತ್ತಿದ್ದದ್ದು ಹೀಗೆಯೇ. ದೂರದ ದೇಶದ ಆ ನೆಲಮಾಳಿಗೆಯ ಕಲ್ಲುಗಳ ಮುಂದೆ ನಿಂತಾಗ ಆದ ಹಾಗೆಯೇ ನನ್ನ ಮೈ ಜುಮ್ ಅಂದಿತು. ಯಾರಿಗೂ ಕಾಣದ ಆ ಇನ್ನರ್ಧ ಕಟ್ಟಡ ನಿಂತದ್ದು ಇಂಥಾ ಕೈಗಳ ಮೇಲೆ. ನೋಡುತ್ತಾ ನೋಡುತ್ತಾ ನಾನು ನನ್ನನ್ನೇ ಮರೆತೆ.

ಸೀಟಿ ಬಂತು. ನಾನಾಗಿ ಹೊಡೆದದ್ದಲ್ಲ. ಉದ್ದಕ್ಕೆ, ಕೊನೆಗೆ ಸ್ವಲ್ಪ ಮೇಲಕ್ಕೆ.

ಮೋನಾಕನ ಎರಡೂ ಕೈ ಬಿಚ್ಚಿದವು. ಹಗ್ಗ ಸರ್ರನೆ ನೀರಿಗೆ ಬಿತ್ತು, ಫೆರಿ ಜೆಟ್ಟಿ ಬಿಟ್ಟು ಹೊಳೆಗೆ ಜಾರಿತು. ಇನ್ನೂ ಹತ್ತಬೇಕಿದ್ದ ಮೀನಿನ ಹೆಂಗಸೊಬ್ಬರು ಖಾಲಿ ಬುಟ್ಟಿ ಹಿಡಿದು ಜೆಟ್ಟಿಯಲ್ಲೇ ಉಳಿದು ತುಳುವಿನಲ್ಲಿ ನಮ್ಮೆಲ್ಲರ ಏಳು ತಲೆಮಾರಿಗೂ ಬೈದರು. ಸ್ಕೂಟರ್ ಹಿಡಿದುಕೊಂಡೇ ಫೆರಿಯವನು ಕಿರುಚಿದ: "ಕಾಕಾ! ಎಂತ ಮಾಡಿದ್ರಿ ಮಾರಾಯ್ರೆ?"

ಮೋನಾಕ ತಮ್ಮ ಖಾಲಿ ಕೈಗಳನ್ನು ನೋಡುತ್ತಾ ನಿಂತಿದ್ದರು. ಆಮೇಲೆ ತಲೆ ಎತ್ತಿದರು.

"ಸೀಟಿ ಬಂತು" ಅಂದರು.

"ಯಾರು ಹೊಡೆದದ್ದು?"

ಫೆರಿ ತುಂಬ ಜನ. ನಾನು ಎದ್ದು ನಿಂತು, ಬೀಳದ ಹಾಗೆ ಕಂಬ ಹಿಡಿದು, ಕ್ಲಾಸಿನಲ್ಲಿ ಮಕ್ಕಳು ಎತ್ತುವ ಹಾಗೆ ಇನ್ನೊಂದು ಕೈ ಎತ್ತಿದೆ.

"ನಾನು."

ಎಲ್ಲರೂ ನನ್ನನ್ನೇ ನೋಡಿದರು. ಜೆಟ್ಟಿಯಲ್ಲಿ ಮೋನಾಕ ಕಿವಿಯ ಹಿಂದೆ ಕೈ ಇಟ್ಟುಕೊಂಡರು. "ಟೀಚರೇ" ಅಂತ ಕೂಗಿದರು, "ಇನ್ನೊಮ್ಮೆ ಹೇಳಿ. ಎಲ್ಲರಿಗೂ ಕೇಳ್ಲಿ."

"ನಾನು ಹೊಡೆದದ್ದು" ಅಂತ ನಾನು ಕೂಗಿ ಹೇಳಿದೆ.